ಕಬ್ಬಿಣದ ಕಡಲೆ, ಮೈಸೂರು ಪಾಕು ಮತ್ತು ನನ್ನ ಮಾಡೆಲ್ಲು

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಡ್ರಾಫ್ಟಲ್ಲಿ ಮೂರು ಪೋಸ್ಟುಗಳು ಅರ್ಧಂಬರ್ಧ ಬಿದ್ದಿವೆ. ಒಂದು ಮಳೆಯ ಬಗ್ಗೆ (ಮಳೆ ಬಗ್ಗೆ ಬರೆಯದ ಕನ್ನಡ ಬ್ಲಾಗರ್ ಯಾರಾದ್ರೂ ಇದ್ರೆ ಹೇಳಿ, ಒಮ್ಮೆ ನೋಡಬೇಕು), ಇನ್ನೊಂದು ಊರಿನ ಬಸ್ಸಿನ ಬಗ್ಗೆ, ಮತ್ತೊಂದು ಏನು ಅಂತ ನಂಗೇ ಮರೆತುಹೋಗಿದೆ. ಅವನ್ನೆಲ್ಲ ಹಾಗೇ ಬಿಟ್ಟು ಇವತ್ತು ಉಕ್ಕಿನ ಬಗ್ಗೆ ಬರೀತಿದೀನಿ. ಕಬ್ಬಿಣದ ಕಡಲೆ ಅಂತ ವಿಂಡೋ ಮುಚ್ಚಬೇಡಿ. ಮಧ್ಯದಲ್ಲಿ ಮೈಸೂರು ಪಾಕೂ ಬರುತ್ತೆ :)

ಮೊದಲು ಒಂದು ತಪ್ಪೊಪ್ಪಿಗೆ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗು, ಅನ್ನ ತಿನ್ನೋದು ಸಾಫ್ಟ್‌ವೇರಿನಿಂದ. ಇದು ತಪ್ಪಲ್ಲ, ನಮ್ಮ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಜನರ ಕಥೆ ಇದೇ. ತಪ್ಪು ಬೇರೆ ಇದೆ. ಮೂರನೇ ಸೆಮಿಸ್ಟರಿನಲ್ಲಿ ಮೆಟಲೋಗ್ರಫಿ ಲ್ಯಾಬ್ ಅಂತ ಇತ್ತು. ಉಕ್ಕಿನ ಚೂರೊಂದನ್ನು ಎಮೆರಿ ಪೇಪರಿನ ಮೇಲೆ ಉಜ್ಜಬೇಕು. ಒರಟಿನಿಂದ ನುಣುಪಿಗೆ, ಒಂದೊಂದೇ ಪೇಪರ್ ಬದಲಿಸುತ್ತಾ, ಪ್ರತಿ ಸಲ ಚೂರನ್ನು ತೊಂಬತ್ತು ಡಿಗ್ರಿ ತಿರುಗಿಸುತ್ತಾ. ಆಮೇಲೆ ತಿರುಗೋ ಬಟ್ಟೆಯ ಮೇಲೆ ಕನ್ನಡಿ ಥರ ಹೊಳೆಯೋ ತನಕ ಪಾಲಿಶ್. ಆಮೇಲೆ ನೈಟಾಲ್, ಅಂದ್ರೆ ಸ್ಪಿರಿಟ್ಟಿಗೆ ಸ್ವಲ್ಪ ನೈಟ್ರಿಕ್ ಆಸಿಡ್ ಬೆರೆಸಿದ್ದು, ಅದರಲ್ಲಿ ಕೆಲವೇ ಸೆಕೆಂಡು ಅದ್ದಿ ತೊಳೆದು ಮೈಕ್ರೋಸ್ಕೋಪಿನಡಿ ಇಟ್ಟರೆ ಕಾಣಬೇಕಾದ್ದು ಬಿಳೀ ಫೆರೈಟ್, ಕಪ್ಪು ಪರ್ಲೈಟ್, ಅವುಗಳ ನಡುವೆ ಕೂದಲೆಳೆಯಂಥ ಗಡಿಗಳು.

ನಂಗೆ ಕಂಡದ್ದು ಬರೀ ಗೀರುಗಳು. ಮೂವತ್ತು ಜನಕ್ಕೆ ಎರಡು ಮೈಕ್ರೋಸ್ಕೋಪು, ನನ್ನ ಸರದಿ ಎರಡು ನಿಮಿಷ. ರೆಕಾರ್ಡ್ ಬುಕ್ಕಿನಲ್ಲಿ ಬರೆದದ್ದು? ಸೀನಿಯರೊಬ್ಬನ ರೆಕಾರ್ಡಿಂದ ನೋಡಿ ಬಿಡಿಸಿದ ಚಿತ್ರ. ಬಳೆ ಇಟ್ಟು ಸುತ್ತು ಹಾಕಿ, ಒಳಗೆ ಪೆನ್ಸಿಲ್ಲಿನಲ್ಲಿ ಷಟ್ಕೋನದಂಥ ಮನೆಗಳು. ಆ ಸೀನಿಯರೂ ಅವನ ಸೀನಿಯರಿಂದ ನಕಲು ಮಾಡಿದ್ದ. ಹಾಗೆ ನೋಡಿದರೆ ಆ ಉಕ್ಕನ್ನು ನಮ್ಮ ಕಾಲೇಜಿನಲ್ಲಿ ಕೊನೇ ಸಲ ಯಾರು ನಿಜವಾಗಿ ನೋಡಿದ್ರೋ ದೇವರೇ ಬಲ್ಲ. ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಬಂತು.

ಈ ಹಳೇ ಪಾಪ ಹೋದ ವರ್ಷ ಬಂದು ಕಾಡಿತು. ಆಫೀಸಿನಲ್ಲಿ ನಮ್ಮ ಟೀಮಿಗೆ ಒಂದು ಕೆಲಸ ಬಂತು: ಉಕ್ಕಿನ ಮೈಕ್ರೋಸ್ಕೋಪ್ ಫೋಟೋ ನೋಡಿ ಅದರ ಗಟ್ಟಿತನ ಹೇಳೋ ಮಾಡೆಲ್ ಮಾಡಿ ಅಂತ. "ನೀನು ಮೆಕ್ಯಾನಿಕಲ್ ಅಲ್ವಾ, ನೀನೇ ಮಾಡು" ಅಂದ್ರು. ಒಂಬತ್ತು ಮಾರ್ಕ್ಸ್ ಬಂದವನು ಬೇಡ ಅನ್ನೋಕಾಗುತ್ತಾ?

ಇರಲಿ. ಇದರ ಹಿಂದಿನ ವಿಚಾರ ಏನು ಅಂತ ಮೊದಲು ಹೇಳ್ತೀನಿ. ಅಡುಗೆಮನೆಯಿಂದಲೇ ಶುರು ಮಾಡೋಣ.

ಅಮ್ಮ ಮಾಡೋ ಮೈಸೂರು ಪಾಕಿಗೂ ಅತ್ತೆ ಮಾಡೋ ಮೈಸೂರು ಪಾಕಿಗೂ ಹಾಕೋ ಸಾಮಾನು ಒಂದೇ: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಅಳತೆಯೂ ಹೆಚ್ಚುಕಮ್ಮಿ ಒಂದೇ. ಆದ್ರೆ ಒಂದು ಬಾಯಲ್ಲಿಟ್ಟರೆ ಪುಡಿಯಾಗುತ್ತೆ, ಇನ್ನೊಂದನ್ನು ಒಡೆಯೋಕೆ ಲಟ್ಟಣಿಗೆ ಬೇಕು (ಯಾವುದು ಯಾರದ್ದು ಅಂತ ಹೇಳಲ್ಲ, ಇಬ್ಬರೂ ಈ ಬ್ಲಾಗ್ ಓದ್ತಾರೆ). ವ್ಯತ್ಯಾಸ ಇರೋದು ಸಾಮಾನಿನಲ್ಲಲ್ಲ, ಒಳಗಿನ ಕಟ್ಟಡದಲ್ಲಿ. ಕಾದ ತುಪ್ಪ ಸುರಿದಾಗ ಎಷ್ಟು ನೊರೆ ಎದ್ದಿತು, ತೂತುಗಳು ಎಷ್ಟು ದೊಡ್ಡವು, ಒಂದಕ್ಕೊಂದು ಕೂಡಿಕೊಂಡಿವೆಯಾ ಇಲ್ಲವಾ, ಎಷ್ಟು ಬೇಗ ಆರಿತು. ಉಕ್ಕಿನ ಕಥೆಯೂ ಇಷ್ಟೇ. ಅದೇ ಕಬ್ಬಿಣ, ಅದೇ ಇಂಗಾಲ, ಕಾಯಿಸಿ ನಿಧಾನ ಆರಿಸಿದರೆ ಮೆದು, ನೀರಿಗೋ ಎಣ್ಣೆಗೋ ಅದ್ದಿದರೆ ಗಡಸು. ಈ ಒಳಗಿನ ಕಟ್ಟಡಕ್ಕೆ ಮೈಕ್ರೋಸ್ಟ್ರಕ್ಚರ್ ಅಂತಾರೆ.

ಈ ಕಟ್ಟಡದಿಂದ ಗುಣಕ್ಕೆ ಹೋಗೋ ಸೇತುವೆ ಗಣಿತದ್ದು. ಅದರಲ್ಲಿ ಅತ್ಯಂತ ಹೆಸರುವಾಸಿಯಾದದ್ದು 1951ರಲ್ಲಿ ಹಾಲ್ ಮತ್ತು 1953ರಲ್ಲಿ ಪೆಚ್ ಕೊಟ್ಟ ಸೂತ್ರ. ಲೋಹ ಅಂದ್ರೆ ಸಣ್ಣ ಸಣ್ಣ ಹರಳುಗಳ ಗುಂಪು. ಲೋಹ ಬಾಗುವಾಗ ಹರಳಿನೊಳಗೆ ಒಂದು ಥರದ ಸುಕ್ಕು ಸಾಗುತ್ತೆ. ದೊಡ್ಡ ಜಮಖಾನವನ್ನು ಇಡಿಯಾಗಿ ಎಳೆಯೋದು ಕಷ್ಟ, ಆದ್ರೆ ಒಂದು ಮಡಿಕೆ ಮಾಡಿ ಅದನ್ನು ತಳ್ಳುತ್ತಾ ಹೋದರೆ ಜಮಖಾನ ಸುಲಭವಾಗಿ ಸರಿಯುತ್ತಲ್ಲ, ಹಾಗೆ. ಹರಳಿನ ಗಡಿ ಸಿಕ್ಕಾಗ ಆ ಸುಕ್ಕು ತಡೆಯುತ್ತೆ. ಹರಳು ಸಣ್ಣದಾದಷ್ಟೂ ಗಡಿಗಳು ಹೆಚ್ಚು, ಲೋಹ ಗಟ್ಟಿ. ಹಾಲ್-ಪೆಚ್ ಪ್ರಕಾರ ಬಲ ಏರೋದು ಹರಳಿನ ವ್ಯಾಸದ ವರ್ಗಮೂಲದ ವಿಲೋಮಕ್ಕೆ ತಕ್ಕಂತೆ. ಮೆದು ಉಕ್ಕಿಗೆ ಪುಸ್ತಕಗಳಲ್ಲಿ ಸಿಗೋ ಬೆಲೆಗಳನ್ನು ಹಾಕಿ ನೋಡಿ: ಹರಳಿನ ಗಾತ್ರ 25 ಮೈಕ್ರಾನ್ ಇದ್ದರೆ ಸುಮಾರು 210 ಮೆಗಾಪ್ಯಾಸ್ಕಲ್. ಅದನ್ನು ಕಾಲು ಭಾಗಕ್ಕಿಳಿಸಿ 6.25 ಮೈಕ್ರಾನ್ ಮಾಡಿದರೆ ಸುಮಾರು 350. ಹೊಸ ಧಾತು ಏನೂ ಹಾಕಲಿಲ್ಲ, ಕಟ್ಟಡ ಬದಲಿಸಿದ್ದು ಅಷ್ಟೇ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನಂಗಂತೂ ಮೈ ಜುಮ್ಮೆಂದಿತ್ತು. ಕಾಲೇಜಿನಲ್ಲಿ ಯಾಕೆ ಹೀಗೆ ಹೇಳಿಕೊಡಲಿಲ್ಲ ಅಂತ ಸಿಟ್ಟೂ ಬಂತು. ಆಮೇಲೆ ಹಳೇ ನೋಟ್ಸ್ ತೆಗೆದು ನೋಡಿದರೆ ಹೇಳಿಕೊಟ್ಟಿದ್ದರು, ನಾನೇ ಕೇಳಿರಲಿಲ್ಲ.

ಈಗ ನನ್ನ ಮಾಡೆಲ್ಲಿಗೆ ಬರ್ತೀನಿ. ಕ್ಲೈಂಟು ಗೇರ್ ಮಾಡೋ ಕಂಪನಿ. ರಾಶಿ ಫೋಟೋ ಕಳಿಸಿದ್ರು, ಜೊತೆಗೊಂದು ಎಕ್ಸೆಲ್ ಶೀಟು. ಒಂದೊಂದು ಉಕ್ಕಿನ ಚೂರಿಗೂ ಹತ್ತಾರು ಫೋಟೋ, ಗಟ್ಟಿತನದ ಅಂಕಿ ಮಾತ್ರ ಒಂದೇ. ನಾನು ಎಲ್ಲರೂ ಮಾಡೋ ಹಾಗೆ ಫೋಟೋಗಳನ್ನು ಇಸ್ಪೀಟ್ ಎಲೆ ಥರ ಕಲಸಿ, ಎಂಬತ್ತು ಪಾಲು ಕಲಿಸೋಕೆ, ಇಪ್ಪತ್ತು ಪಾಲು ಪರೀಕ್ಷೆಗೆ ಅಂತ ಇಟ್ಟೆ. ನಾಯಿ ಬೆಕ್ಕು ಕಾರುಗಳ ಫೋಟೋ ನೋಡಿ ಕಲಿತ ಒಂದು ರೆಡಿಮೇಡ್ ಜಾಲವನ್ನು ತಂದು ಅದಕ್ಕೆ ಉಕ್ಕು ತೋರಿಸಿದೆ. ಫಲಿತಾಂಶ ನೋಡಿ ನಂಗೇ ನಂಬೋಕಾಗಲಿಲ್ಲ. ಗ್ರಾಫಿನಲ್ಲಿ ಚುಕ್ಕಿಗಳೆಲ್ಲ ಗೆರೆ ಎಳೆದ ಹಾಗೆ ಸಾಲಾಗಿ ಕೂತಿದ್ವು. ಡೆಮೋ ಆಯ್ತು, ಚಪ್ಪಾಳೆ ಆಯ್ತು, ಟೀಮ್ ಲಂಚೂ ಆಯ್ತು.

ನಮ್ಮ ಚಿಕ್ಕಪ್ಪ ಪೀಣ್ಯದ ಕಡೆ ಒಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡ್ತಿದ್ದಾರೆ. ಹಬ್ಬಕ್ಕೆ ಮನೆಗೆ ಬಂದಿದ್ರು. ಕೊಚ್ಚಿಕೊಳ್ಳೋಣ ಅಂತ ನಾನೇ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗೋ ಒಂದು ಗೇರಿನ ಫೋಟೋ ತೋರಿಸಿ, ಇಂಥದ್ದನ್ನ ನೋಡಿ ಕಂಪ್ಯೂಟರು ಗಟ್ಟಿತನ ಹೇಳುತ್ತೆ ಚಿಕ್ಕಪ್ಪ ಅಂದೆ. ಕನ್ನಡಕ ಏರಿಸಿಕೊಂಡು ನೋಡಿದ್ರು.

"ಚೆನ್ನಾಗಿದೆ ಕಣೋ. ಇದು ಅಂಚಿಂದೋ, ನಡುವಿಂದೋ?"

"ಅದು... ಗೊತ್ತಿಲ್ಲ ಚಿಕ್ಕಪ್ಪ."

"ಅಲ್ವೋ, ಅಂಚು ಯಾವುದು ನಡು ಯಾವುದು ಅಂತ ಗೊತ್ತಿಲ್ದೆ ಗೇರಿನ ಗಟ್ಟಿತನ ಏನಂತ ಹೇಳ್ತೀಯಾ?"

ಅವರ ಪ್ರಶ್ನೆ ಎಷ್ಟು ಸರಿ ಅಂದ್ರೆ, ಇಂಗಾಲ ಹೀರಿಸಿ ಗಡಸು ಮಾಡಿದ ಗೇರಿನ ಹೊರಮೈ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಆಸುಪಾಸು ಇರುತ್ತೆ, ಒಳತಿರುಳು 30ರಿಂದ 40. ಬೇಕಂತಲೇ ಹಾಗೆ ಮಾಡಿರ್ತಾರೆ, ಹೊರಗೆ ಸವೆಯಬಾರದು, ಒಳಗೆ ಒಡೆಯಬಾರದು ಅಂತ. ಒಂದೇ ಹಲ್ಲಿನಲ್ಲಿ ಒಂದೆರಡು ಮಿಲಿಮೀಟರ್ ಅಂತರದಲ್ಲಿ ಎರಡು ಬೇರೆ ಲೋಕ. ಮೈಸೂರು ಪಾಕನ್ನೇ ನೋಡಿ, ತಟ್ಟೆಯ ಅಂಚಿನ ತುಂಡು ತಿಳಿ ಬಣ್ಣ, ಒತ್ತಾಗಿರುತ್ತೆ. ನಡುವಿನದು ಕಾವು ಆರದೆ ಕೆಂಪಗೆ, ತೂತು ತೂತು. ಯಾವ ತುಂಡು ಅಂತ ಹೇಳದೆ 'ಈ ಮೈಸೂರು ಪಾಕು ಮೆದು' ಅಂದ್ರೆ ಅರ್ಥ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ಹೋಗಿ ಡೇಟಾ ತೆಗೆದು ನೋಡಿದೆ. ಯಾವ ಫೋಟೋ ಎಲ್ಲಿ ತೆಗೆದದ್ದು ಅಂತ ಎಲ್ಲೂ ಬರೆದಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ನಂದೇ. ಫೋಟೋಗಳನ್ನು ಕಲಸಿದಾಗ ಒಂದೇ ಚೂರಿನ ಕೆಲವು ಫೋಟೋ ಕಲಿಕೆಗೂ, ಕೆಲವು ಪರೀಕ್ಷೆಗೂ ಹೋಗಿದ್ವು. ಮಾಡೆಲ್ಲು ಉಕ್ಕಿನ ಕಟ್ಟಡ ಕಲಿತೇ ಇರಲಿಲ್ಲ. ಆಯಾ ಚೂರಿನ ಪಾಲಿಶ್ ಗೀರು, ಆವತ್ತಿನ ಲೈಟು, ಆಸಿಡ್ಡಿನ ಛಾಯೆ ನೋಡಿ 'ಓ ಇದು ಆ ಹದಿನೇಳನೇ ಚೂರು' ಅಂತ ಗುರುತು ಹಿಡಿದು ಅದರ ಅಂಕಿ ಒಪ್ಪಿಸ್ತಿತ್ತು. ಸೀನಿಯರಿನ ರೆಕಾರ್ಡ್ ನೋಡಿ ಬರೆದ ನನ್ನ ಹಾಗೇ! ಫೋಟೋ ಬದಲು ಚೂರುಗಳನ್ನೇ ಬೇರ್ಪಡಿಸಿ, ಕಲಿಕೆಗೆ ಕೆಲವು ಚೂರು, ಪರೀಕ್ಷೆಗೆ ಬೇರೆಯೇ ಚೂರು ಅಂತ ಮಾಡಿ ಮತ್ತೆ ಓಡಿಸಿದೆ. ಎಲ್ಲದಕ್ಕೂ ಸುಮ್ಮನೆ ಸರಾಸರಿ ಹೇಳಿದ್ದರೂ ಅಷ್ಟೇ ಸರಿಯಾಗ್ತಿತ್ತು.

ನಂಗೀಗ ಅನ್ನಿಸೋದು, ಈ ಕ್ಷೇತ್ರದಲ್ಲಿ ನಮ್ಮಂಥ ಸಾಫ್ಟ್‌ವೇರಿನವರು ಮಾಡೋ ಮೊದಲ ತಪ್ಪು ಲೆಕ್ಕ ಎಣಿಸೋದರಲ್ಲೇ. ಹತ್ತು ಸಾವಿರ ಫೋಟೋ ಇದೆ ಅಂತ ಬೀಗ್ತೀವಿ. ಇರೋದು ನಲವತ್ತು ಚೂರಾದರೆ ಡೇಟಾ ನಲವತ್ತೇ. ಫೋಟೋನ ಕತ್ತರಿಸಿ ತಿರುಗಿಸಿ ಮಗುಚಿ ಲಕ್ಷ ಮಾಡಬಹುದು, ಚೂರು ನಲವತ್ತೊಂದಾಗಲ್ಲ.

ಹಾಗಂತ ಇದೆಲ್ಲಾ ಬೋಗಸ್ ಅನ್ನೋ ಬಣಕ್ಕೂ ನಾನು ಸೇರಲ್ಲ. ಮೈಕ್ರೋಸ್ಕೋಪಿಗೂ ಗಣಿತಕ್ಕೂ ನಂಟು ನಿನ್ನೆ ಮೊನ್ನೆಯದಲ್ಲ. 1847ರಲ್ಲೇ ಫ್ರಾನ್ಸಿನ ಡೆಲೆಸ್ ಎಂಬ ಭೂವಿಜ್ಞಾನಿ, ಕಲ್ಲನ್ನು ಕೊಯ್ದಾಗ ಆ ಮುಖದಲ್ಲಿ ಒಂದು ಖನಿಜ ಎಷ್ಟು ಪಾಲು ಜಾಗ ತುಂಬಿದೆಯೋ, ಸರಾಸರಿಯಲ್ಲಿ ಇಡೀ ಕಲ್ಲಿನ ಗಾತ್ರದಲ್ಲೂ ಅಷ್ಟೇ ಪಾಲು ಇರುತ್ತೆ ಅಂತ ತೋರಿಸಿದ. ಮೈಸೂರು ಪಾಕನ್ನು ಕೊಯ್ದು ಅದರ ಮೇಲೆ ಚೌಕುಳಿ ಗೆರೆಯ ಪ್ಲಾಸ್ಟಿಕ್ ಹಾಳೆ ಇಟ್ಟು, ಗೆರೆ ಕೂಡೋ ಜಾಗಗಳಲ್ಲಿ ಎಷ್ಟು ತೂತಿನ ಮೇಲೆ ಬಿದ್ದವು ಅಂತ ಎಣಿಸಿದರೆ ಸಾಕು, ಒಳಗೆಷ್ಟು ಗಾಳಿ ಅಂತ ಗೊತ್ತಾಗುತ್ತೆ. ಎಲ್ಲಿ ಕೊಯ್ದೆವು ಅನ್ನೋದು ಮಾತ್ರ ಯಾದೃಚ್ಛಿಕವಾಗಿರಬೇಕು. ಆದ್ರೆ ಗಾತ್ರ ಅಳೆಯೋಕೆ ಹೋದರೆ ಮೋಸ ಹೋಗ್ತೀವಿ. ನಿಂಬೆಹಣ್ಣನ್ನು ಕಣ್ಣು ಮುಚ್ಚಿ ಎಲ್ಲೆಲ್ಲೋ ಕೊಯ್ದರೆ ಎಲ್ಲ ಸಲವೂ ಸರಿಯಾಗಿ ನಡುವೆ ಕೊಯ್ಯಲ್ಲ, ಹಾಗಾಗಿ ಕಾಣೋ ವೃತ್ತಗಳು ಹಣ್ಣಿಗಿಂತ ಚಿಕ್ಕವು. ಒಂದೇ ಗಾತ್ರದ ಗೋಳಗಳಾದರೆ ವೃತ್ತಗಳ ಸರಾಸರಿ ವ್ಯಾಸ ನಿಜದ ಶೇಕಡಾ 78.5 ಮಾತ್ರ. ಗಾತ್ರಗಳು ಬೇರೆ ಬೇರೆ ಇದ್ದಾಗ ವೃತ್ತಗಳಿಂದ ಗೋಳಗಳಿಗೆ ವಾಪಸ್ ಹೋಗೋದು ಹೇಗೆ ಅಂತ ವಿಕ್ಸೆಲ್ ಎಂಬ ಸ್ವೀಡನ್ನಿನ ಸಂಖ್ಯಾಶಾಸ್ತ್ರಜ್ಞ 1925ರಲ್ಲಿ ತಲೆ ಕೆಡಿಸಿಕೊಂಡಿದ್ದ. ನಮ್ಮ ಪೈಥಾನ್ ಲೈಬ್ರರಿಗಳು ಹುಟ್ಟೋಕೆ ಎಷ್ಟು ಮುಂಚೆ ನೋಡಿ.

ಇವತ್ತು ನಡೀತಿರೋದರಲ್ಲಿ ನಂಗೆ ತುಂಬಾ ಇಷ್ಟವಾದದ್ದು ಎರಡು-ಬಿಂದು ಅಂಕಿಅಂಶದ ದಾರಿ. ಹೇಳೋಕೆ ಸುಲಭ. ಫೋಟೋ ಮೇಲೆ ಒಂದು ಕಡ್ಡಿ ಎಸೀರಿ. ಅದರ ಎರಡೂ ತುದಿ ಕಪ್ಪು ಭಾಗದ ಮೇಲೇ ಬೀಳೋ ಸಂಭವ ಎಷ್ಟು? ಕಡ್ಡಿಯ ಉದ್ದ ಸೊನ್ನೆ ಆದರೆ ಉತ್ತರ ಕಪ್ಪಿನ ಪಾಲು, ಉದಾಹರಣೆಗೆ 0.2. ಕಡ್ಡಿ ತುಂಬಾ ಉದ್ದ ಆದರೆ ಒಂದು ತುದಿಗೂ ಇನ್ನೊಂದಕ್ಕೂ ಸಂಬಂಧವೇ ಉಳಿಯಲ್ಲ, ಉತ್ತರ 0.2ರ ವರ್ಗ, 0.04. 0.2ರಿಂದ 0.04ಕ್ಕೆ ಹೇಗೆ ಇಳಿಯಿತು, ಯಾವ ದಿಕ್ಕಿನಲ್ಲಿ ಬೇಗ ಇಳಿಯಿತು, ಇದರಲ್ಲಿ ಕಪ್ಪು ತುಣುಕುಗಳ ಗಾತ್ರ, ಉದ್ದಗಲ, ಹರಡಿಕೆ ಎಲ್ಲಾ ಅಡಗಿದೆ. ಜಾರ್ಜಿಯಾ ಟೆಕ್‌ನ ಸೂರ್ಯ ಕಲಿದಿಂಡಿ ಅವರ ಬಳಗ ಇದನ್ನೇ ಹಿಡಿದು, ಆ ದೊಡ್ಡ ನಕ್ಷೆಯನ್ನು ಪ್ರಿನ್ಸಿಪಲ್ ಕಾಂಪೊನೆಂಟ್ ವಿಧಾನದಿಂದ ನಾಲ್ಕಾರು ಅಂಕಿಗಳಿಗೆ ಇಳಿಸಿ, ಅವುಗಳಿಂದ ಗುಣಕ್ಕೆ ಸಂಬಂಧ ಕಟ್ಟುತ್ತೆ. ನನ್ನ ಜಾಲದ ಹಾಗೆ ಕತ್ತಲೆ ಕೋಣೆ ಅಲ್ಲ ಇದು, ಪ್ರತಿ ಅಂಕಿಯೂ ಏನು ಅಂತ ಕೇಳಬಹುದು.

ಇದೂ ಸರ್ವರೋಗಕ್ಕೂ ಮದ್ದಲ್ಲ. ತೂತುಗಳು ಒಂದಕ್ಕೊಂದು ಕೂಡಿವೆಯಾ ಅನ್ನೋದನ್ನು ಎರಡು ಬಿಂದು ಪೂರ್ತಿ ಹೇಳಲ್ಲ, ಬೇರೆ ಬೇರೆ ಕಟ್ಟಡಗಳಿಗೆ ಒಂದೇ ಕಡ್ಡಿ-ಲೆಕ್ಕ ಬರೋದು ಸಾಧ್ಯ. ತುಪ್ಪ ಸೋರುತ್ತಾ ಇಲ್ವಾ ಅನ್ನೋದಕ್ಕೆ ಆ ಕೂಡುವಿಕೆಯೇ ಮುಖ್ಯ!

ಎಲ್ಲ ಗುಣಗಳೂ ಸರಾಸರಿಯ ಮಾತು ಕೇಳಲ್ಲ ಅನ್ನೋದು ಇನ್ನೊಂದು. ಗಡಸು ಉಕ್ಕು ಲಕ್ಷಾಂತರ ಸಲ ಎಳೆತ-ಒತ್ತಡ ತಿಂದು ಸುಸ್ತಾಗಿ ಮುರಿಯುವಾಗ ಬಿರುಕು ಶುರುವಾಗೋದು ಸಾಮಾನ್ಯವಾಗಿ ಒಂದು ಕಲ್ಮಶದ ಕಣದಿಂದ. ಇರೋ ಸಾವಿರಾರು ಕಣಗಳಲ್ಲಿ ತುಂಬಾ ದೊಡ್ಡದೊಂದು ಸಾಕು. ಜಪಾನಿನ ಯುಕಿತಾಕಾ ಮುರಾಕಾಮಿ ಅವರ ಸೂತ್ರದಲ್ಲಿ ಆ ಕಣದ ಅಡ್ಡಕೊಯ್ತದ ವಿಸ್ತೀರ್ಣದ ವರ್ಗಮೂಲ, ಅದರ ಆರನೇ ಘಾತಮೂಲ ಬರುತ್ತೆ. ಅಂದ್ರೆ ಆ ವರ್ಗಮೂಲ 64 ಪಟ್ಟಾದರೆ, ಉಳಿದದ್ದೆಲ್ಲ ಅದೇ ಇದ್ದರೂ, ತಾಳಿಕೆ ಅರ್ಧಕ್ಕಿಳಿಯುತ್ತೆ. ಆದ್ರೆ ಅತಿ ದೊಡ್ಡ ಕಣ ನಿಮ್ಮ ಫೋಟೋದಲ್ಲಿ ಬರೋ ಸಂಭವ ಎಷ್ಟು? ಅದಕ್ಕೆ ಮುರಾಕಾಮಿ ಗುಂಬೆಲ್‌ನ ಅತಿರೇಕಗಳ ಸಂಖ್ಯಾಶಾಸ್ತ್ರ ತಂದರು. ನೂರು ವರ್ಷಕ್ಕೊಮ್ಮೆ ಬರೋ ನೆರೆಯನ್ನು ಅಂದಾಜು ಮಾಡೋಕೆ ಬಳಸೋ ಅದೇ ಲೆಕ್ಕ. ಪ್ರತಿ ಫೋಟೋದ ಅತಿ ದೊಡ್ಡ ಕಣ ಅಳೆದು, ಇಡೀ ಗೇರಿನಲ್ಲಿ ಅಡಗಿರಬಹುದಾದ ಅತಿ ದೊಡ್ಡದನ್ನು ಊಹಿಸೋದು. ಇದಕ್ಕೆ ಜಿಪಿಯು ಬೇಡ, ತಾಳ್ಮೆ ಬೇಕು. ಫ್ಯಾಷನ್ ಆಗದೇ ಇರೋಕೆ ಬಹುಶಃ ಅದೇ ಕಾರಣ.

ಗೆರೆ ಎಳೆದು ಮುಂದಕ್ಕೆ ಓಡಿಸೋ ಚಟವೂ ಇದೆಯಲ್ಲ. ಮೇಲಿನ ಹಾಲ್-ಪೆಚ್ ಗೆರೆಯನ್ನೇ 10 ನ್ಯಾನೋಮೀಟರಿಗೆ ಎಳೆದರೆ ಉಕ್ಕಿನ ಬಲ 7000 ಮೆಗಾಪ್ಯಾಸ್ಕಲ್ ಮೀರಬೇಕು. 1989ರಲ್ಲಿ, ಮುಂದೆ ನಮ್ಮ ಐಐಎಸ್ಸಿಯಲ್ಲಿ ಪ್ರಾಧ್ಯಾಪಕರಾದ ಅತುಲ್ ಚೋಕ್ಷಿ ಮತ್ತು ಸಂಗಡಿಗರು ನ್ಯಾನೋ ಹರಳಿನ ತಾಮ್ರ, ಪಲ್ಲಾಡಿಯಂಗಳಲ್ಲಿ ಅಳೆದು ನೋಡಿದರೆ ಉಲ್ಟಾ, ಹರಳು ಸಣ್ಣದಾದಂತೆ ಗಟ್ಟಿತನ ಇಳೀತಿತ್ತು. ಆ ಮಟ್ಟದಲ್ಲಿ ಸುಕ್ಕಿಗೆ ಸಾಗೋಕೇ ಜಾಗವಿಲ್ಲ, ಬೇರೆಯೇ ಆಟ ಶುರುವಾಗುತ್ತೆ. ಇನ್ನೂ ಮಜಾ ಅಂದ್ರೆ, 2014ರಲ್ಲಿ ಡನ್‌ಸ್ಟನ್ ಮತ್ತು ಬುಶ್‌ಬಿ ಅನ್ನೋರು ಹಳೇ ಅಳತೆಗಳನ್ನು ಮತ್ತೆ ಕೆದಕಿ, ಆ ವರ್ಗಮೂಲವನ್ನೇ ಡೇಟಾ ಬೆಂಬಲಿಸಲ್ಲ, ಬೇರೆ ಸೂತ್ರ ಚೆನ್ನಾಗಿ ಹೊಂದುತ್ತೆ ಅಂತ ವಾದಿಸಿದರು. ಅರವತ್ತು ವರ್ಷ ಪಠ್ಯಪುಸ್ತಕದಲ್ಲಿದ್ದ ಗೆರೆ! ಡೇಟಾ ಸೈನ್ಸ್ ಅಂದ್ರೆ ನಂಗಿದು. ಹೊಸ ಮಾಡೆಲ್ ಮಾಡೋದಕ್ಕಿಂತ ಹಳೇ ಗೆರೆಯನ್ನು ಅನುಮಾನಿಸೋದು.

ಅನುಮಾನ ಅಂದಾಗ ನೆನಪಾಯ್ತು. 'ನಮ್ಮ ಪೂರ್ವಜರಿಗೆ ನ್ಯಾನೋ ಟೆಕ್ನಾಲಜಿ ಗೊತ್ತಿತ್ತು' ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಮೂಲ 2006ರಲ್ಲಿ ಡ್ರೆಸ್ಡೆನ್‌ನ ವಿಜ್ಞಾನಿಗಳು 'ನೇಚರ್'ನಲ್ಲಿ ಪ್ರಕಟಿಸಿದ್ದು: 17ನೇ ಶತಮಾನದ ಒಂದು ಡಮಾಸ್ಕಸ್ ಕತ್ತಿಯಲ್ಲಿ ಇಂಗಾಲದ ನ್ಯಾನೋ ಕೊಳವೆ ಕಂಡವು ಅಂತ. ಆ ಬಗೆಯ ಕತ್ತಿಗಳ ಉಕ್ಕು ದಕ್ಷಿಣ ಭಾರತದಿಂದ ಹೋಗ್ತಿತ್ತು, ಮೈಸೂರು ಸೀಮೆಯಲ್ಲಿ ಉಕ್ಕು ಮಾಡೋದನ್ನು ಬುಕಾನನ್ ನೋಡಿ ಬರೆದಿದ್ದಾನೆ, ಹೆಮ್ಮೆ ಪಡೋಣ. ಆದ್ರೆ ಒಂದು ಕತ್ತಿ, ಒಂದು ಚೂರು. ನನ್ನ ಮಾಡೆಲ್ಲಿಗಾದರೂ ಅದಕ್ಕಿಂತ ಹೆಚ್ಚು ಚೂರಿತ್ತು :) ಅದೇ ಉಕ್ಕಿನ ಬಗ್ಗೆ 1998ರಲ್ಲಿ ವರ್‌ಹೋವನ್ ಮತ್ತು ಕತ್ತಿ ಬಡಿಯೋ ಕಮ್ಮಾರ ಪೆಂಡ್ರೆ ಸೇರಿ ಪ್ರಕಟಿಸಿದ್ದು ನಂಗೆ ಹೆಚ್ಚು ಹಿಡಿಸುತ್ತೆ. ಕತ್ತಿಯ ಮೇಲಿನ ಅಲೆ ಅಲೆ ವಿನ್ಯಾಸಕ್ಕೆ ವನೇಡಿಯಂನಂಥ ಧಾತುಗಳ ಚಿಟಿಕೆ ಅಂಶ ಕಾರಣ ಅಂತ ಅವರು ಕತ್ತಿಗಳನ್ನು ಮಾಡಿಯೇ ತೋರಿಸಿದರು.

ಹಾಗೇ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಎಲಿಜಬೆತ್ ಹೋಮ್ ಅವರ ಗುಂಪು 2017ರಲ್ಲಿ ಅಧಿಕ ಇಂಗಾಲದ ಉಕ್ಕಿನ ಚಿತ್ರಗಳ ಸಂಗ್ರಹ ಎಲ್ಲರಿಗೂ ಬಿಟ್ಟುಕೊಟ್ಟಿತು. ಎಷ್ಟು ಚಿತ್ರ ಗೊತ್ತಾ? 961. ನಾಯಿ ಬೆಕ್ಕಿನ ಇಮೇಜ್‌ನೆಟ್ ಸ್ಪರ್ಧೆಯಲ್ಲಿ 12 ಲಕ್ಷ ಇದ್ದರೆ ಇಲ್ಲಿ ಸಾವಿರವೂ ಇಲ್ಲ. ಆದ್ರೆ ಕಾಯಿಸಿದ ತಾಪ, ಸಮಯ, ಆರಿಸಿದ ರೀತಿಯ ವಿವರಗಳನ್ನೂ ಜೊತೆಗೆ ಕೊಟ್ಟಿದ್ದಾರೆ. ಎಲ್ಲಿಂದ ಬಂತು ಅಂತ ಗೊತ್ತಿರೋ ಸಾವಿರ ಚಿತ್ರ, ಗೊತ್ತಿಲ್ಲದ ಲಕ್ಷಕ್ಕಿಂತ ಮೇಲು ಅನ್ನೋದು ನನ್ನ ವಾದ. ನಮ್ಮ ಕಾಲೇಜುಗಳ ಲ್ಯಾಬುಗಳಲ್ಲಿ ಪ್ರತಿ ವರ್ಷ ಎಷ್ಟು ಸಾವಿರ ಹುಡುಗರು ಉಕ್ಕು ಉಜ್ಜುತ್ತಾರೆ ಯೋಚಿಸಿ. ರೆಕಾರ್ಡಿನಲ್ಲಿ ಬಳೆ ಇಟ್ಟು ಸುತ್ತು ಹಾಕೋ ಬದಲು, ಮೊಬೈಲಿನಲ್ಲಿ ಐಪೀಸ್ ಮೂಲಕ ಒಂದು ಫೋಟೋ ತೆಗೆದು, ಯಾವ ಉಕ್ಕು, ಎಷ್ಟು ಕಾಯಿಸಿದ್ದು, ಎಲ್ಲಿ ಕೊಯ್ದದ್ದು ಅಂತ ನಾಲ್ಕು ಸಾಲು ಬರೆದು ಒಂದು ಕಡೆ ಹಾಕಿದರೆ? ಗೀರು ಬಂದಿದ್ದರೆ ಗೀರೇ ಇರಲಿ. ಸುಳ್ಳು ಷಟ್ಕೋನಕ್ಕಿಂತ ನಿಜವಾದ ಗೀರು ವಾಸಿ.

ಆಫೀಸಿನ ಕಥೆ ಏನಾಯ್ತು ಅಂತೀರಾ. ನಮ್ಮ ಲೀಡ್ ಹತ್ರ ಹೋಗಿ ಹೇಳಿದೆ. "ಡೆಮೋ ಆಗೋಗಿದೆ, ಈಗ ಹೇಳ್ತಿದೀಯಾ?" ಅಂದ್ರು. ಆ ಅಂಕಿ ನಂಬಿ ನಾಳೆ ಯಾವುದೋ ಗೇರನ್ನು ಅಳೆಯದೆ ಪಾಸ್ ಮಾಡಿದರೆ, ಅದು ಘಾಟಿಯಲ್ಲಿ ಇಳಿಯೋ ಲಾರಿಯೊಳಗೆ ಕೂತರೆ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲ್ ಡ್ರಾಫ್ಟ್ ಮಾಡು, ನಾನು ನೋಡ್ತೀನಿ ಅಂದ್ರು. ಮೇಲ್ ಹೋಯ್ತು. ಕ್ಲೈಂಟ್ ಖುಷಿಯಾಗಲಿಲ್ಲ, ಪ್ರಾಜೆಕ್ಟು ಅಲ್ಲಿಗೇ ನಿಂತಿದೆ. ನನ್ನ ಅಪ್ರೈಸಲ್ಲಿನಲ್ಲಿ ಇದು ಯಾವ ಕಾಲಮ್ಮಿಗೆ ಹೋಗುತ್ತೋ ನೋಡಬೇಕು.

ಚಿಕ್ಕಪ್ಪ ಮೊನ್ನೆ ಫೋನ್ ಮಾಡಿದ್ರು. ಅವರ ಶಾಪಿನ ಓನರು ಒಪ್ಪಿದ್ದಾರಂತೆ, ಸ್ಕ್ರ್ಯಾಪಿಗೆ ಹೋಗೋ ಗೇರಿನ ಹಲ್ಲುಗಳನ್ನು ಕೊಯ್ದು, ಅಂಚು-ನಡು ಅಂತ ಮಾರ್ಕರಿನಲ್ಲಿ ಬರೆದು ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. "ಉಜ್ಜೋಕೆ ಮಾತ್ರ ನೀನೇ ಬಾರೋ, ನನ್ ಕೈಲಾಗಲ್ಲ" ಅಂದ್ರು. ಶನಿವಾರ ಹೋಗ್ತಿದೀನಿ. ಎಮೆರಿ ಪೇಪರ್ ಎಸ್.ಪಿ. ರೋಡಿನಲ್ಲಿ ತಗೊಂಡಾಯ್ತು. ನಿಮ್ಮಲ್ಲಿ ಮೆಟಲರ್ಜಿ ಓದಿದವರು ಯಾರಾದ್ರೂ ಇದ್ರೆ, ಗೀರು ಬೀಳದ ಹಾಗೆ ಪಾಲಿಶ್ ಮಾಡೋದು ಹೇಗೆ ಅಂತ ಸ್ವಲ್ಪ ಹೇಳಿಕೊಡಿ. ಈ ಸಲ ನೋಡಿ ಬರೆಯೋಕೆ ಸೀನಿಯರ್ ಇಲ್ಲ.